ರೇಡಿಯೋ ಕೆಟ್ಟಿದೆ ಅನ್ನುವ ಮುಂಚೆ: ಸಣ್ಣ ವಿಮಾನಕ್ಕೂ ಟವರ್‌ಗೂ ಮಾತು ನಿಂತಾಗ ಎಲ್ಲಿ ಹುಡುಕಬೇಕು

"ಸಾರ್, ರೇಡಿಯೋ ಸತ್ತೋಗಿದೆ."

ಟ್ರೈನಿ ಪೈಲಟ್‌ಗಳು ಹ್ಯಾಂಗರ್‌ಗೆ ಬಂದು ಹೀಗೆ ಹೇಳಿದಾಗಲೆಲ್ಲ, ರೇಡಿಯೋ ರಿಪೇರಿ ಮಾಡುವ ನಾನು ಕೇಳುವುದು ಒಂದೇ ಪ್ರಶ್ನೆ. "ನಿಮಗೆ ಟವರ್ ಕೇಳಿಸಲಿಲ್ವಾ, ಟವರ್‌ಗೆ ನೀವು ಕೇಳಿಸಲಿಲ್ವಾ?" ಸುಮಾರು ಜನ ಇಲ್ಲೇ ತಡವರಿಸುತ್ತಾರೆ. ಅಲ್ಲಿಗೆ ನನ್ನ ಅರ್ಧ ದಿನ ಹೋಯಿತು ಅಂತ ಲೆಕ್ಕ.

ಪ್ಯಾನೆಲ್‌ನಿಂದ ರೇಡಿಯೋ ಡಬ್ಬಿ ಎಳೆದು ಬೆಂಚ್ ಮೇಲಿಟ್ಟರೆ ಬಹಳ ಸಲ ಅದು ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಬೆರಳ ತುದಿಯಷ್ಟು ದೊಡ್ಡ ಸ್ವಿಚ್ಚು, ಸಡಿಲವಾದ ಜ್ಯಾಕು, ಇಲ್ಲವೇ ತುಕ್ಕು ಹಿಡಿದ ಕನೆಕ್ಟರ್ರು. ಹಾಗಾಗಿ ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಯಾವ ದಾರಿ ಕೆಟ್ಟಿದೆ ಅಂತ ತೀರ್ಮಾನ ಆಗಬೇಕು. ಮಾತು ಬರುವ ದಾರಿಯೋ, ಹೋಗುವ ದಾರಿಯೋ, ಎರಡೂನೋ?

ಇಲ್ಲಿ ಬರೆದಿರುವುದು ಸೆಸ್ನಾ 152, 172 ತರಹದ, ಒಂದೋ ಎರಡೋ ವಿಎಚ್‌ಎಫ್ ಸೆಟ್ (ಟವರ್ ಜೊತೆ ಮಾತಾಡುವ ರೇಡಿಯೋ) ಇರುವ ವಿಮಾನಗಳಿಗೆ. ಪೈಲಟ್ ತಾನೇ ನೋಡಬಹುದಾದ್ದು, ಟೆಕ್ನಿಷಿಯನ್ ಮಾಡಬೇಕಾದ್ದು ಎರಡೂ ಬೆರೆತಿವೆ. ವೈರ್ ಮುಟ್ಟಿದ ಮೇಲೆ ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಬೀಳದೆ ವಿಮಾನ ಹೊರಡಬಾರದು. ಅದರಲ್ಲಿ ರಿಯಾಯಿತಿ ಇಲ್ಲ.

ಮೇಲಿದ್ದಾಗಲೇ ಮಾತು ನಿಂತರೆ

ಮೊದಲು ವಿಮಾನ ಹಾರಿಸಿ. ರೇಡಿಯೋ ಇಲ್ಲದಿದ್ದರೂ ರೆಕ್ಕೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ತಲೆ ತಗ್ಗಿಸಿ ಗುಂಡಿ ತಿರುಗಿಸುತ್ತಾ ಕೂತರೆ ಎತ್ತರವೂ ಹೋಗುತ್ತದೆ, ದಿಕ್ಕೂ ಹೋಗುತ್ತದೆ.

ಆಮೇಲೆ ವಾಲ್ಯೂಮ್. ನಗಬೇಡಿ. ಮ್ಯಾಪು, ಮೊಣಕಾಲ ಮೇಲಿನ ಬೋರ್ಡು ತಾಗಿ ಗುಂಡಿ ತಿರುಗಿರುವುದು ಮಾಮೂಲು. ಅದರ ಜೊತೆಗೇ ಸ್ಕ್ವೆಲ್ಚ್ (ಯಾರೂ ಮಾತಾಡದಾಗ ಬರೀ ಸದ್ದನ್ನು ತಡೆಯುವ ಬಾಗಿಲು) ತೆರೆಯಿರಿ. ಹಳೆಯ ಸೆಟ್‌ಗಳಲ್ಲಿ ಗುಂಡಿಯನ್ನು ಹೊರಗೆಳೆಯಬೇಕು, ಕೆಲವದರಲ್ಲಿ ಒತ್ತಬೇಕು. 'ಶ್ಶ್...' ಅಂತ ಜೋರಾಗಿ ಸದ್ದು ಬಂತೋ, ರೇಡಿಯೋದಿಂದ ನಿಮ್ಮ ಕಿವಿಯವರೆಗಿನ ದಾರಿ ಸರಿಯಾಗಿದೆ. ಬರಲಿಲ್ಲವೋ, ಹೆಡ್‌ಸೆಟ್, ಜ್ಯಾಕ್, ಆಡಿಯೋ ಪ್ಯಾನೆಲ್ (ಮೈಕು, ಕಿವಿ ಯಾವ ಸೆಟ್‌ಗೆ ಅಂತ ಆರಿಸುವ ಸ್ವಿಚ್ಚುಗಳು) ಕಡೆ ನೋಡಿ. ಕಾಸು ಖರ್ಚಿಲ್ಲದ ಪರೀಕ್ಷೆ ಇದು. ಎರಡು ಸೆಕೆಂಡಿನಲ್ಲಿ ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ.

ಮುಂದಿನದು ಫ್ರೀಕ್ವೆನ್ಸಿ. ಮಾತಿನ ಚಾನೆಲ್‌ಗಳು 118ರಿಂದ 137 ಮೆಗಾಹರ್ಟ್ಜ್ ಒಳಗೆ ಇರುತ್ತವೆ. 108ರಿಂದ 118ರವರೆಗಿನದು ದಾರಿ ತೋರಿಸುವ ವಿಓಆರ್, ಐಎಲ್‌ಎಸ್‌ಗಳ ಪಾಲು. ಎರಡೂ ಒಂದೇ ಡಬ್ಬಿಯಲ್ಲಿರುವ ಸೆಟ್‌ನಲ್ಲಿ ಗಡಿಬಿಡಿಯಲ್ಲಿ ತಪ್ಪು ಗುಂಡಿ ತಿರುಗಿಸುವವರಿದ್ದಾರೆ. ನಂಬರ್ ಸರಿಯಾಗಿ ಹಾಕಿ, ಸ್ಟ್ಯಾಂಡ್‌ಬೈನಿಂದ ಆಕ್ಟಿವ್‌ಗೆ ತರುವುದನ್ನು ಮರೆಯುವವರಂತೂ ಬೇಕಾದಷ್ಟು. ಆಡಿಯೋ ಪ್ಯಾನೆಲ್‌ನಲ್ಲಿ ಮೈಕ್ ಒಂದನೇ ಸೆಟ್‌ಗೆ, ಕಿವಿ ಎರಡನೇ ಸೆಟ್‌ಗೆ ಇದ್ದರೂ ಹೀಗೇ ಆಗುತ್ತದೆ.

ಹೆಡ್‌ಸೆಟ್‌ನ ಎರಡೂ ಪ್ಲಗ್‌ಗಳನ್ನು ಗಟ್ಟಿಯಾಗಿ ಒತ್ತಿ. ದಪ್ಪನೆಯದು ಕಿವಿಯದು, ಸ್ವಲ್ಪ ಸಣ್ಣದು ಮೈಕಿನದು. ಪಕ್ಕದ ಸೀಟಿನ ಜ್ಯಾಕ್‌ಗೆ ಹಾಕಿ ನೋಡಿ. ಹ್ಯಾಂಡ್ ಮೈಕ್ ಇದ್ದರೆ ತೆಗೆದುಕೊಂಡು ಕ್ಯಾಬಿನ್ ಸ್ಪೀಕರ್ ಹಾಕಿ. ಎರಡನೇ ಸೆಟ್‌ನಲ್ಲಿ ಕರೆಯಿರಿ. ಹಿಂದಿನ ಫ್ರೀಕ್ವೆನ್ಸಿಗೆ ವಾಪಸ್ ಹೋಗಿ ಕರೆಯಿರಿ. ಹತ್ತಿರದ ಇನ್ನೊಂದು ವಿಮಾನ ಕೇಳಿಸುತ್ತಿದ್ದರೆ ನಿಮ್ಮ ಮಾತನ್ನು ದಾಟಿಸಲು ಹೇಳಿ. ಯಾವುದೂ ಆಗದಿದ್ದರೆ ತುರ್ತಿನ ಫ್ರೀಕ್ವೆನ್ಸಿ 121.5 ಇದೆ.

ಅದೂ ಆಗಲಿಲ್ಲವೇ? ಟ್ರಾನ್ಸ್‌ಪಾಂಡರ್‌ನಲ್ಲಿ (ರೇಡಾರ್‌ಗೆ ವಿಮಾನದ ಗುರುತು ಕಳಿಸುವ ಡಬ್ಬಿ) 7600 ಹಾಕಿ. 'ಇವರ ರೇಡಿಯೋ ಹೋಗಿದೆ' ಅಂತ ರೇಡಾರ್ ಮುಂದೆ ಕೂತವರಿಗೆ ಅದು ಹೇಳುತ್ತದೆ. ಬಾಯಿ ಮುಚ್ಚಿಕೊಳ್ಳಬೇಡಿ. ನಿಮಗೆ ಕೇಳಿಸದಿದ್ದರೂ ಅವರಿಗೆ ಕೇಳಿಸುತ್ತಿರಬಹುದು. 'ಟ್ರಾನ್ಸ್‌ಮಿಟಿಂಗ್ ಬ್ಲೈಂಡ್' ಅಂತ ಶುರು ಮಾಡಿ, ಎಲ್ಲಿದ್ದೀರಿ, ಏನು ಮಾಡಲಿದ್ದೀರಿ ಅಂತ ಎರಡೆರಡು ಸಲ ಹೇಳಿ. ಹವಾ ಚೆನ್ನಾಗಿದ್ದರೆ ಕಣ್ಣಿಗೆ ನೆಲ ಕಾಣುವ ಹಾಗೆಯೇ ಹಾರಿ, ಹತ್ತಿರದ ಸರಿಯಾದ ಏರೋಡ್ರೋಮ್‌ನಲ್ಲಿ ಇಳಿದು, ಕೂಡಲೇ ಫೋನ್ ಮಾಡಿ ತಿಳಿಸಿ.

ಟವರ್ ಇರುವ ಕಡೆ ಇಳಿಯುವುದಾದರೆ ಕಣ್ಣು ಟವರ್ ಗಾಜಿನ ಮೇಲಿರಲಿ. ದೀಪ ತೋರಿಸುತ್ತಾರೆ. ಹಾರುತ್ತಿರುವವರಿಗೆ ಉರಿಯುತ್ತಲೇ ಇರುವ ಹಸಿರು ಅಂದರೆ ಇಳಿಯಬಹುದು. ಉರಿಯುತ್ತಲೇ ಇರುವ ಕೆಂಪು ಅಂದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರಿ. ಮಿಣುಕುವ ಹಸಿರು ಅಂದರೆ ಇಳಿಯಲು ವಾಪಸ್ ಬನ್ನಿ, ಆದರೆ ಇಳಿಯಲು ಇನ್ನೂ ಒಪ್ಪಿಗೆ ಇಲ್ಲ. ಮಿಣುಕುವ ಕೆಂಪು ಅಂದರೆ ಇಲ್ಲಿ ಅಪಾಯ, ಇಳಿಯಬೇಡಿ. ಹಗಲಲ್ಲಿ ರೆಕ್ಕೆ ಅಲ್ಲಾಡಿಸಿ, ರಾತ್ರಿ ಲ್ಯಾಂಡಿಂಗ್ ಲೈಟ್ ಮಿಣುಕಿಸಿ 'ನೋಡಿದೆ' ಅನ್ನಬೇಕು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರುವಾರ ಮರೆಯುವ ಪಾಠ ಇದು. ಇದನ್ನು ಚೀಟಿಯಲ್ಲಿ ಬರೆದು ಮೊಣಕಾಲ ಬೋರ್ಡಿಗೆ ಅಂಟಿಸಿಕೊಂಡರೆ ಯಾರೂ ನಗುವುದಿಲ್ಲ.

ನಮಗೆ ಕೇಳಿಸುತ್ತದೆ, ಅವರಿಗೆ ಕೇಳಿಸುವುದಿಲ್ಲ

ಅತಿ ಹೆಚ್ಚು ಬರುವ ದೂರು ಇದೇ. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ನೆಲದ ಮೇಲೆ ಪರೀಕ್ಷೆಗೆ ಟವರ್ ಒಪ್ಪಿಗೆ ಕೇಳಿ. 121.5ರಲ್ಲಿ ಸುಮ್ನೆ 'ಹಲೋ ಹಲೋ' ಅನ್ನಬೇಡಿ. ಈಗ ಪಿಟಿಟಿ (ಮಾತಾಡಲು ಒತ್ತುವ ಬಟನ್) ಒತ್ತಿ, ಸೆಟ್‌ನ ಮುಖ ನೋಡಿ. ಬಟನ್ ಒತ್ತಿದಾಗ ಬಹುತೇಕ ಸೆಟ್‌ಗಳಲ್ಲಿ 'ಟಿ' ಅಥವಾ 'ಟಿಎಕ್ಸ್' ಅಂತ ಗುರುತು ಬರುತ್ತದೆ.

ಗುರುತು ಬರಲೇ ಇಲ್ಲ ಅಂದರೆ ಬಟನ್ ಒತ್ತಿದ ಸುದ್ದಿ ರೇಡಿಯೋಗೆ ತಲುಪಿಲ್ಲ. ಪಿಟಿಟಿ ಸ್ವಿಚ್, ಅದರ ವೈರ್, ಮೈಕ್ ಜ್ಯಾಕ್, ಈ ಮೂರರಲ್ಲೊಂದು. ಪಕ್ಕದ ಸೀಟಿನ ಪಿಟಿಟಿಯಲ್ಲಿ ಗುರುತು ಬಂದರೆ ರೇಡಿಯೋ ಡಬ್ಬಿ ಬಚಾವ್.

ಗುರುತು ಬಂತು, ಆದರೆ ನಿಮ್ಮ ದನಿ ನಿಮ್ಮ ಕಿವಿಗೆ ಬರಲಿಲ್ಲ ಅಂದರೆ ಮೈಕಿನ ಮೇಲೆ ಅನುಮಾನ. ಟವರ್‌ಗೆ ಆಗ ಬರೀ ಖಾಲಿ ಅಲೆ ಹೋಗುತ್ತದೆ, ಮಾತಿಲ್ಲ. ಬೇರೆ ಹೆಡ್‌ಸೆಟ್ ಹಾಕಿ. ಹಾಗೇ ಮೈಕನ್ನು ಒಂದು ಸಲ ತಿರುಗಿಸಿ ನೋಡಿ. ಗದ್ದಲ ತಡೆಯುವ ಮೈಕಿಗೆ ಮುಂದು ಹಿಂದು ಇರುತ್ತದೆ. ಸುಮಾರು ಹೆಡ್‌ಸೆಟ್‌ಗಳಲ್ಲಿ ತುಟಿ ಕಡೆ ಇರಬೇಕಾದ ಮೈಗೆ ಒಂದು ಚುಕ್ಕೆ ಇಟ್ಟಿರುತ್ತಾರೆ. ಸ್ಪಂಜಿನ ಟೋಪಿ ಹಾಕಿದ ಮೇಲೆ ಆ ಚುಕ್ಕೆ ಕಾಣುವುದಿಲ್ಲ. ತಿರುಗಿದ ಮೈಕು ನಿಮ್ಮ ದನಿಯನ್ನೇ ಗದ್ದಲ ಅಂದುಕೊಂಡು ಹೊಡೆದುಹಾಕುತ್ತದೆ. ಮೈಕು ತುಟಿಗೆ ಹೆಚ್ಚುಕಡಿಮೆ ತಾಗುವಷ್ಟು ಹತ್ತಿರ ಇರಬೇಕು. ಗಲ್ಲದ ಹತ್ತಿರ ಇಳಿಬಿಟ್ಟುಕೊಂಡು 'ಟವರ್‌ಗೆ ಕಿವುಡು' ಅಂದರೆ ಆಗುತ್ತಾ?

ಗುರುತೂ ಬಂತು, ನಿಮ್ಮ ದನಿಯೂ ಕೇಳಿತು, ಟವರ್ ಮಾತ್ರ ಉತ್ತರಿಸಲಿಲ್ಲ. ಆಗ ಆಂಟೆನಾ, ಕೇಬಲ್ ಕಡೆ ಹೋಗಿ. ಆದರೆ ಎಚ್ಚರ. ಕೆಲವು ವಿಮಾನಗಳಲ್ಲಿ ನಿಮ್ಮ ದನಿ ಹೊರಗೆ ಹೋದ ಅಲೆಯಿಂದ ವಾಪಸ್ ಬರುತ್ತದೆ, ಕೆಲವದರಲ್ಲಿ ಆಡಿಯೋ ಪ್ಯಾನೆಲ್ ತಾನೇ ನಕಲು ಕೊಡುತ್ತದೆ. ಎರಡನೇ ತರಹದ್ದರಲ್ಲಿ ನಿಮ್ಮ ದನಿ ಕೇಳಿಸಿತು ಅಂದ ಮಾತ್ರಕ್ಕೆ ಅದು ಹೊರಗೆ ಹೋಗಿದೆ ಅಂತ ಅರ್ಥವಲ್ಲ.

ಇನ್ನೊಂದು: ಒತ್ತಿದ ಕ್ಷಣ ಸೆಟ್‌ನ ಅಂಕಿಗಳು ಮಂಕಾದರೆ, ಇಲ್ಲವೇ ಸೆಟ್ ಆಫ್ ಆಗಿ ಆನ್ ಆದರೆ ವೋಲ್ಟೇಜ್ ನೋಡಿ. ಕೇಳುವಾಗ ಸೆಟ್‌ಗೆ ಬೇಕಾಗುವ ಕರೆಂಟ್ ತುಂಬ ಕಡಿಮೆ, ಮಾತಾಡುವಾಗ ಕೆಲವು ಆಂಪಿಯರ್ ಎಳೆಯುತ್ತದೆ. ಸೊರಗಿದ ಬ್ಯಾಟರಿ ಆಗಲೇ ಸಿಕ್ಕಿಬೀಳುವುದು.

ಮಳೆಗಾಲದ ಒಂದು ಆಂಟೆನಾ

ಒಂದು 172. ಏಪ್ರನ್‌ನಲ್ಲಿ (ವಿಮಾನ ನಿಲ್ಲಿಸುವ ಜಾಗ) ನಿಂತು ಕರೆದರೆ ಟವರ್ 'ರೀಡ್ ಯೂ ಫೈವ್', ಅಂದರೆ ಸ್ಪಷ್ಟವಾಗಿ ಕೇಳುತ್ತಿದೆ, ಅನ್ನುತ್ತಿತ್ತು. 15 ಮೈಲಿ ಆಚೆ ಹೋದರೆ 'ಅನ್‌ರೀಡಬಲ್'. ಮೊದಲು ದೂರದ ಲೆಕ್ಕ ನೋಡಿದೆವು. ವಿಎಚ್‌ಎಫ್ ಅಲೆ ಕಣ್ಣಿನ ನೋಟದ ಹಾಗೆ, ನೇರ ಹೋಗುತ್ತದೆ, ಬೆಟ್ಟ ದಾಟುವುದಿಲ್ಲ. ಸಮತಟ್ಟು ನೆಲದ ಮೇಲೆ 1000 ಅಡಿ ಎತ್ತರದಿಂದ ಸುಮಾರು 39 ನಾಟಿಕಲ್ ಮೈಲಿ, 10,000 ಅಡಿಯಿಂದ ಸುಮಾರು 123. ನಂದಿ ಬೆಟ್ಟದ ಹಿಂದೆ ತಗ್ಗಾಗಿ ಹಾರುತ್ತಾ ಬೆಂಗಳೂರಿನವರು ಕೇಳಿಸಲಿಲ್ಲ ಅಂದರೆ ಅದು ದೋಷವಲ್ಲ, ಬೆಟ್ಟ. ಆದರೆ ಈ ವಿಮಾನಕ್ಕೆ ಎತ್ತರವೂ ಇತ್ತು, ಎದುರು ಬೆಟ್ಟವೂ ಇರಲಿಲ್ಲ.

ನಾನು ನೋಡುವ ಹೊತ್ತಿಗೆ ಎರಡು ಸಲ ಡಬ್ಬಿ ಬದಲಾಗಿತ್ತು. ಒಂದು ಮತ್ತು ಎರಡನೇ ಸೆಟ್ ಅದಲುಬದಲು ಮಾಡಿದರೆ ದೋಷ ಡಬ್ಬಿಯ ಜೊತೆ ಓಡಿತೋ, ಅದೇ ಜಾಗದಲ್ಲಿ ಉಳಿಯಿತೋ ಅಂತ ನೋಡಬೇಕು. ಜಾಗದಲ್ಲೇ ಉಳಿದಿತ್ತು. ಅಷ್ಟಾದರೂ ಯಾರೂ ಸೂರಿನ ಮೇಲೆ ಕೈ ಇಟ್ಟಿರಲಿಲ್ಲ. ಡಬ್ಬಿ ಬದಲಿಸುವುದು ಸುಲಭ, ಏಣಿ ಹತ್ತುವುದು ಕಷ್ಟ, ಅಲ್ವಾ.

ರೇಡಿಯೋಗೂ ಕೇಬಲ್‌ಗೂ ನಡುವೆ ವ್ಯಾಟ್‌ಮೀಟರ್ ಹಾಕಿದೆ. ಹೋಗುತ್ತಿದ್ದುದು 8 ವ್ಯಾಟ್, ವಾಪಸ್ ಬರುತ್ತಿದ್ದುದು ಹೆಚ್ಚುಕಡಿಮೆ 3. 8 ಹೋಗಿ 2 ವಾಪಸ್ ಬಂದರೇನೇ ಎಸ್‌ಡಬ್ಲ್ಯುಆರ್ (ಎಷ್ಟು ವಾಪಸ್ ಬರುತ್ತಿದೆ ಅಂತ ತೋರಿಸುವ ಅಳತೆ, 1 ಇದ್ದರೆ ಏನೂ ವಾಪಸ್ ಇಲ್ಲ) 3 ಆಗುತ್ತದೆ, ಅದೇ ಜಾಸ್ತಿ. ಕೇಬಲ್‌ನ ಆಚೆ ತುದಿಗೆ, ಆಂಟೆನಾ ಬದಲು, ಅಲೆಯನ್ನು ನುಂಗುವ ಒಂದು ಡಮ್ಮಿ ಲೋಡ್ ಸಿಕ್ಕಿಸಿದೆ. ವಾಪಸ್ ಬರುವುದು ನಿಂತುಹೋಯಿತು. ಅಂದರೆ ಕೇಬಲ್ ಸರಿ, ಆಂಟೆನಾ ಅಪರಾಧಿ.

ಸ್ಕ್ರೂ ಬಿಚ್ಚಿ ಎತ್ತಿದರೆ ಗ್ಯಾಸ್ಕೆಟ್ ಕೆಳಗೆ ಅಕ್ಕಿ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಪುಡಿ. ಸುತ್ತಲಿನ ಸೀಲಂಟ್ ಬಿರುಕು ಬಿಟ್ಟಿತ್ತು. ಅಲ್ಲಿಂದ ಮಳೆ ನೀರು ಇಳಿದು ಅಲ್ಯೂಮಿನಿಯಂ ತಿಂದಿತ್ತು. ಸೂರಿನ ಮೇಲೆ ಕಾಣುವ ಆ ಕಡ್ಡಿ ಕಾಲು ಅಲೆಯ ಅಳತೆಯದು, ಸುಮಾರು 59 ಸೆಂಟಿಮೀಟರ್. ಒಂದು ಮೊಳ, ಮೇಲೆ ಅರ್ಧ ಗೇಣು. ಆದರೆ ಆಂಟೆನಾದ ಇನ್ನರ್ಧ ಕಣ್ಣಿಗೆ ಕಾಣುವುದಿಲ್ಲ. ಅದು ವಿಮಾನದ ಸೂರಿನ ತಗಡೇ. ನಡುವೆ ಪುಡಿ ಕೂತರೆ ಅರ್ಧ ಆಂಟೆನಾ ಇಲ್ಲದ ಹಾಗೆ. ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಮತ್ತೆ ತುಕ್ಕು ಹಿಡಿಯದ ಹಾಗೆ ಕೆಮಿಕಲ್ ಹಚ್ಚಿ, ಹೊಸ ಗ್ಯಾಸ್ಕೆಟ್ ಕೂರಿಸಿ, ಅಂಚಿಗೆ ಸೀಲಂಟ್ ಎಳೆದೆವು. ವಾಪಸ್ ಬರುವುದು ಅರ್ಧ ವ್ಯಾಟ್‌ಗೂ ಕೆಳಗಿಳಿಯಿತು.

ಮಲ್ಟಿಮೀಟರ್ ಹಿಡಿದು ಹೊರಡುವವರಿಗೆ ಒಂದು ಮಾತು. ಕೆಲವು ಆಂಟೆನಾಗಳು ನಡುವಿನ ಪಿನ್ನಿಗೂ ಬುಡಕ್ಕೂ ಶಾರ್ಟ್ ತೋರಿಸುತ್ತವೆ, ಅವುಗಳನ್ನು ಮಾಡಿರುವುದೇ ಹಾಗೆ. ಕೆಲವು ಓಪನ್ ತೋರಿಸುತ್ತವೆ. ಮ್ಯಾನ್ಯುಯಲ್ ನೋಡದೆ 'ಶಾರ್ಟ್ ಆಗಿದೆ' ಅಂತ ಕಸಕ್ಕೆ ಹಾಕಬೇಡಿ.

ಬಟನ್ ಸಿಕ್ಕಿಕೊಂಡಾಗ

ಇದು ನಿಮ್ಮೊಬ್ಬರ ದೋಷವಲ್ಲ, ಇಡೀ ಫ್ರೀಕ್ವೆನ್ಸಿಯ ದೋಷ. ಒಬ್ಬರ ಪಿಟಿಟಿ ಒತ್ತಿದಂತೆಯೇ ಉಳಿದರೆ ಆ ಚಾನೆಲ್‌ನಲ್ಲಿ ಬೇರೆ ಯಾರೂ ಮಾತಾಡುವ ಹಾಗಿಲ್ಲ. ತಮಾಷೆ ಅಂದರೆ, ಯಾರ ಬಟನ್ ಸಿಕ್ಕಿಕೊಂಡಿದೆಯೋ ಅವರಿಗೇ ಗೊತ್ತಾಗುವುದಿಲ್ಲ. ಅವರ ಸೆಟ್ ಮಾತಾಡುತ್ತಾ ಇರುವುದರಿಂದ ಅವರಿಗೆ ಏನೂ ಕೇಳಿಸುವುದಿಲ್ಲ. ಕ್ಯಾಬಿನ್‌ನಲ್ಲಿ ಆಡಿದ ಮಾತೆಲ್ಲ ಟವರ್‌ಗೆ, ಸುತ್ತಲಿನವರಿಗೆ ಪುಕ್ಕಟೆ ಮನರಂಜನೆ.

ಟವರ್ ಇದ್ದಕ್ಕಿದ್ದಂತೆ ತುಂಬ ಹೊತ್ತು ಸುಮ್ಮನಾಯಿತು ಅನಿಸಿದರೆ ಮೊದಲು ನಿಮ್ಮ ಸೆಟ್‌ನ 'ಟಿಎಕ್ಸ್' ಗುರುತು ನೋಡಿ. ಪಿಟಿಟಿಯನ್ನು ನಾಲ್ಕೈದು ಸಲ ಒತ್ತಿ ಬಿಡಿ. ಹೊರಗಿನಿಂದ ಸಿಕ್ಕಿಸಿದ ಪಿಟಿಟಿ ಆದರೆ ಪ್ಲಗ್ ಕೀಳಿ. ಯೋಕ್‌ನ (ವಿಮಾನ ತಿರುಗಿಸುವ ಹಿಡಿಕೆ) ಒಳಗಿರುವ ಪಿಟಿಟಿ ಆದರೆ ಹೆಡ್‌ಸೆಟ್ ಕಿತ್ತು ಸಾಮಾನ್ಯವಾಗಿ ಪ್ರಯೋಜನವಿಲ್ಲ, ಅದರ ವೈರ್ ಜ್ಯಾಕಿನ ಹಿಂದೆಯೇ ಸೇರಿರುತ್ತದೆ. ಮೈಕ್ ಸೆಲೆಕ್ಟರ್ ಎರಡನೇ ಸೆಟ್‌ಗೆ ತಿರುಗಿಸಿದರೆ ಅದೂ ಮಾತಾಡಲು ಶುರು ಮಾಡುತ್ತದೆ! ಸೆಲೆಕ್ಟರ್ ಒಂದರ ಮೇಲೇ ಇರಲಿ, ಆ ಒಂದನೇ ಸೆಟ್ ಆಫ್ ಮಾಡಿ, ಎರಡನೆಯದರಲ್ಲಿ ಬರೀ ಕೇಳಿಸಿಕೊಳ್ಳಿ. ಹಲವು ಹೊಸ ಸೆಟ್‌ಗಳು ಅರ್ಧ ನಿಮಿಷ ದಾಟಿದರೆ ತಾವೇ ಮಾತು ಕಡಿಯುತ್ತವೆ. ಹಳೆಯವಕ್ಕೆ ಆ ಬುದ್ಧಿ ಇಲ್ಲ.

ಇಬ್ಬರು ಒಟ್ಟಿಗೆ ಒತ್ತಿದರೂ ಇದೇ ಗೋಳು, ಸ್ವಲ್ಪ ಹೊತ್ತಿಗೆ ಮಾತ್ರ. ವಿಮಾನದ ರೇಡಿಯೋ ಇಂದಿಗೂ ಎಎಂ. ಎಫ್‌ಎಂ ಆಗಿದ್ದರೆ ಜೋರಾದ ದನಿ ಇನ್ನೊಂದನ್ನು ಸದ್ದಿಲ್ಲದೆ ನುಂಗಿಬಿಡುತ್ತಿತ್ತು. ಎಎಂನಲ್ಲಿ ಎರಡು ಅಲೆ ಗುದ್ದಾಡಿ 'ಕೀಂಯ್' ಅನ್ನುವ ಸಿಳ್ಳೆ ಏಳುತ್ತದೆ. ಏನೋ ತಪ್ಪಿಹೋಯಿತು ಅಂತ ತಿಳಿಯುವುದು ಅದರಿಂದಲೇ. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ, ಮಂಜಿನ ಮಧ್ಯೆ, ಕೆಎಲ್‌ಎಂ ವಿಮಾನಕ್ಕೆ ಟವರ್ 'ಓಕೆ' ಅಂದು ಸ್ವಲ್ಪ ತಡೆದು 'ಟೇಕಾಫ್‌ಗೆ ಕಾಯಿರಿ, ನಾನೇ ಕರೆಯುತ್ತೇನೆ' ಅಂದಿತು. ಅದೇ ಹೊತ್ತಿಗೆ ಪ್ಯಾನ್ ಆಮ್ ವಿಮಾನ 'ನಾವಿನ್ನೂ ರನ್‌ವೇ ಮೇಲಿದ್ದೇವೆ' ಅಂದಿತು. ಎರಡೂ ಒಂದರ ಮೇಲೊಂದು ಬಿದ್ದವು. ಕೆಎಲ್‌ಎಂ ಕಾಕ್‌ಪಿಟ್‌ಗೆ 'ಓಕೆ' ಸ್ಪಷ್ಟವಾಗಿ ಬಂತು, ಉಳಿದದ್ದು ಸಿಳ್ಳೆಯಲ್ಲಿ ಕಲಸಿಹೋಯಿತು. ಕೆಎಲ್‌ಎಂ ಟೇಕಾಫ್‌ಗೆ ಓಡಿ ಪ್ಯಾನ್ ಆಮ್‌ಗೆ ಬಡಿಯಿತು, 583 ಜನ ಸತ್ತರು. ಯಾವ ರೇಡಿಯೋವೂ ಕೆಟ್ಟಿರಲಿಲ್ಲ. ಸಿಳ್ಳೆ ಕೇಳಿಸಿದ ಮೇಲೆ 'ಸೇ ಅಗೇನ್' ಅನ್ನದೆ ಮುಂದೆ ಹೋಗಬೇಡಿ.

ಬೇಡದ ಸದ್ದುಗಳು

ಸದ್ದು ಎಂಜಿನ್ ಜೊತೆ ಏರಿ ಇಳಿಯುತ್ತಾ ಅಂತ ಮೊದಲು ಕೇಳಿ. ಆರ್‌ಪಿಎಂ ಏರಿಸಿದಂತೆ ಏರುವ ಸಣ್ಣ ಕೊಳಲಿನಂಥ ಸದ್ದು ಆದರೆ ಆಲ್ಟರ್ನೇಟರ್. ನೆಲದ ಮೇಲೆ ಆಲ್ಟರ್ನೇಟರ್ ಸ್ವಿಚ್ ಮಾತ್ರ ಆಫ್ ಮಾಡಿ, ಸದ್ದು ನಿಂತರೆ ಸಿಕ್ಕಿತು. 'ಟಕ್ ಟಕ್ ಟಕ್' ಆದರೆ ಮ್ಯಾಗ್ನೆಟೋ (ಎಂಜಿನ್‌ಗೆ ಕಿಡಿ ಕೊಡುವುದು). ಸೆಕೆಂಡಿಗೊಂದು ಸಲದಂತೆ 'ಟಿಕ್' ಆದರೆ ಸ್ಟ್ರೋಬ್ ಲೈಟ್. ಹೊಸದಾಗಿ ಹಾಕಿಸಿದ ಎಲ್‌ಇಡಿ ದೀಪ, ಯುಎಸ್‌ಬಿ ಚಾರ್ಜರ್‌ಗಳನ್ನೂ ಒಂದೊಂದಾಗಿ ಆರಿಸಿ ನೋಡಿ. ಚಾರ್ಜರ್ ಕಳ್ಳ ಅಂತ ಯಾರೂ ಅಂದುಕೊಳ್ಳುವುದಿಲ್ಲ, ಆದರೆ ಬಹಳ ಸಲ ಅದೇ.

ಆಮೇಲೆ ರೇಡಿಯೋ ಹಿಂದಿನ ಆಂಟೆನಾ ಕೇಬಲ್ ಕೀಳಿ. ಸದ್ದು ಹೋದರೆ ಅದು ಗಾಳಿಯಲ್ಲಿ ಬಂದು ಆಂಟೆನಾದಿಂದ ನುಗ್ಗುತ್ತಿತ್ತು. ಹೋಗದಿದ್ದರೆ ಕರೆಂಟ್ ವೈರಿನಲ್ಲೋ ಆಡಿಯೋ ವೈರಿನಲ್ಲೋ ಬರುತ್ತಿದೆ. ಈ ಎರಡನೆಯದರಲ್ಲಿ ಹೆಡ್‌ಸೆಟ್ ಜ್ಯಾಕಿನ ವಾಷರ್ ಮರೆಯಬೇಡಿ. ಜ್ಯಾಕ್ ವಿಮಾನದ ಲೋಹಕ್ಕೆ ತಾಗದಂತೆ ಫೈಬರ್ ವಾಷರ್ ಇರುತ್ತದೆ. ಯಾರೋ ಪ್ಯಾನೆಲ್ ಬಿಚ್ಚಿ ಹಾಕುವಾಗ ಅದು ನೆಲಕ್ಕೆ ಬಿದ್ದು ಕಸದ ಜೊತೆ ಹೋಗಿರುತ್ತದೆ. ಆವತ್ತಿನಿಂದ ಕೊಳಲು ಶುರು.

ಒಂದು ವಿಚಿತ್ರ ಜೋಡಿ: 121.2ರ ಆಸುಪಾಸಿನಲ್ಲೋ 131.3ರ ಹತ್ತಿರವೋ ಮಾತಾಡಿದಾಗ ಮಾತ್ರ ಜಿಪಿಎಸ್ ತಪ್ಪಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಿ. ಆ ಫ್ರೀಕ್ವೆನ್ಸಿಗಳ 13 ಮತ್ತು 12ನೇ ಪಟ್ಟು ಜಿಪಿಎಸ್‌ನ 1575.42 ಮೆಗಾಹರ್ಟ್ಜ್ ಹತ್ತಿರ ಬೀಳುತ್ತವೆ. ಆಂಟೆನಾಗಳು ಪಕ್ಕಪಕ್ಕ ಇದ್ದರೆ ಹೀಗಾಗುತ್ತದೆ.

ಡಬ್ಬಿ ಸರಿ, ಮಾತು ತಪ್ಪು

ಯಾವ ಮೀಟರ್‌ಗೂ ಸಿಗದ ದೋಷ ಇದು. 1989ರ ಫೆಬ್ರವರಿ 19ರಂದು ಕ್ವಾಲಾಲಂಪುರಕ್ಕೆ ಇಳಿಯುತ್ತಿದ್ದ ಫ್ಲೈಯಿಂಗ್ ಟೈಗರ್ ಸರಕು ವಿಮಾನಕ್ಕೆ ಕಂಟ್ರೋಲರ್ 2400 ಅಡಿಗೆ ಇಳಿಯಲು ಹೇಳಿದರು: 'ಡಿಸೆಂಡ್ ಟೂ ಫೋರ್ ಝೀರೋ ಝೀರೋ'. ಆ 'ಟೂ' ಎರಡೋ, 'ಗೆ' ಅನ್ನುವ 'ಟು'ವೋ? ಪೈಲಟ್‌ಗೆ ಅದು 'ಗೆ' ಆಯಿತು, ಅಂದರೆ 400 ಅಡಿಗೆ ಇಳಿ ಅಂತ. 'ಓಕೆ, ಫೋರ್ ಝೀರೋ ಝೀರೋ' ಅಂತ ವಾಪಸ್ ಓದಿದರು. ಯಾರೂ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ಒಳಗಿದ್ದ 4 ಜನರೂ ಸತ್ತರು.

ಹಾಗಾಗಿ ರೀಡ್‌ಬ್ಯಾಕ್ ಅಂದರೆ ಗಿಣಿಪಾಠವಲ್ಲ. ಎತ್ತರ, ದಿಕ್ಕು, ರನ್‌ವೇ, ಕ್ಯೂಎನ್‌ಎಚ್ (ಎತ್ತರದ ಮೀಟರ್‌ಗೆ ಹಾಕುವ ಗಾಳಿಯ ಒತ್ತಡ), ಸ್ಕ್ವಾಕ್ ಕೋಡ್ (ಟ್ರಾನ್ಸ್‌ಪಾಂಡರ್‌ನ ಅಂಕಿ) ಇವನ್ನು ಅಂಕಿ ಅಂಕಿಯಾಗಿ ವಾಪಸ್ ಹೇಳಿ. ಬರೀ 'ರೋಜರ್' ಸಾಲದು. 'ಟೇಕಾಫ್' ಅನ್ನುವ ಪದ ಟೇಕಾಫ್‌ಗೆ ಒಪ್ಪಿಗೆ ಕೊಡುವಾಗ ಅಥವಾ ಹಿಂತೆಗೆದುಕೊಳ್ಳುವಾಗ ಮಾತ್ರ. ಉಳಿದ ಕಡೆ 'ಡಿಪಾರ್ಚರ್'. ಬಟನ್ ಒತ್ತಿ ಒಂದು ಕ್ಷಣ ಬಿಟ್ಟು ಮಾತು ಶುರು ಮಾಡಿ. 'ಟವರ್ ಅರ್ಧ ಮಾತು ಮಾತ್ರ ಕೇಳಿಸಿತು ಅಂತಾರೆ ಸಾರ್' ಅನ್ನುವ ದೂರುಗಳಲ್ಲಿ ಸುಮಾರು ಪಾಲು, ಬೆರಳಿಗಿಂತ ಬಾಯಿ ಮುಂಚೆ ಓಡುವವರದು.

ಸ್ನ್ಯಾಗ್ ಬರೆಯುವಾಗ

ಸ್ನ್ಯಾಗ್ ಅಂದರೆ ಪೈಲಟ್ ಬರೆದಿಡುವ ದೋಷದ ದೂರು. 'ರೇಡಿಯೋ ಯು/ಎಸ್' (ಕೆಲಸಕ್ಕೆ ಬರುವುದಿಲ್ಲ) ಅಂತ ಬರೆದು ಸಹಿ ಹಾಕಿ ಮನೆಗೆ ಹೋಗಬೇಡಿ. ಯಾವ ಸೆಟ್, ಯಾವ ಫ್ರೀಕ್ವೆನ್ಸಿ, ಎಷ್ಟು ದೂರ, ಎಷ್ಟು ಎತ್ತರ, ಕೇಳುವುದೋ ಹೇಳುವುದೋ, ಪಕ್ಕದ ಸೀಟಿನಿಂದ ಹೇಗಿತ್ತು, ಟವರ್ 1ರಿಂದ 5ರಲ್ಲಿ ಎಷ್ಟು ಅಂದಿತು? ಇಷ್ಟು ಬರೆದರೆ ಸಾಕು.

ಒಂದು ಸಲ ಒಬ್ಬ ಹುಡುಗಿ ಬರೆದಿದ್ದ ಸಾಲು ನನಗೆ ಬಾಯಿಪಾಠ ಆಗಿದೆ. 'ಕಾಮ್ 1, ಎಡ ಸೀಟ್. ಎಡಕ್ಕೆ ತಿರುಗುವಾಗ ಮಾತ್ರ ಟಿಎಕ್ಸ್ ತಾನೇ ಬರುತ್ತದೆ. ನೇರ ಹಾರುವಾಗ, ಬಲಕ್ಕೆ ತಿರುಗುವಾಗ ಸರಿ. ಬಲ ಸೀಟ್ ಪಿಟಿಟಿ ಸರಿ.' ನಾನು ಸೆಟ್ ಮುಟ್ಟಲೇ ಇಲ್ಲ. ಎಡ ಯೋಕ್‌ನ ಹಿಂದೆ ಟಾರ್ಚ್ ಬಿಟ್ಟೆ. ಪಿಟಿಟಿ ವೈರ್ ಶಾಫ್ಟಿನ ಅಂಚಿಗೆ ಉಜ್ಜಿ ಉಜ್ಜಿ, ಉಗುರಿನಷ್ಟು ಉದ್ದಕ್ಕೆ ತಾಮ್ರ ಕಾಣುತ್ತಿತ್ತು. ಯೋಕ್ ಎಡಕ್ಕೆ ತಿರುಗಿಸಿದಾಗ ಅದು ಹೋಗಿ ಲೋಹಕ್ಕೆ ತಾಗುತ್ತಿತ್ತು. ಟೀ ಬರುವಷ್ಟರಲ್ಲಿ ಹುಡುಕುವ ಕೆಲಸ ಮುಗಿದಿತ್ತು.